ಗುಂಡುಸೂಜಿ ಚಿಕ್ಕಮ್ಮ
ನಮ್ಮ ಚಿಕ್ಕಮ್ಮ ಹೊಲಿಯಲು ಕೂತರೆ ಮನೆಯವರೆಲ್ಲ ಉಸಿರು ಬಿಗಿಹಿಡಿದಿರಬೇಕು. ನನ್ನ ಮಗುವಿನ ಕಾಲುಚೀಲ, ಟೋಪಿ ಇಡಲೆಂದು ಒಂದು ಪುಟ್ಟ ಬಟ್ಟೆಬುಟ್ಟಿ ಹೊಲಿಯುವುದಕ್ಕೂ ಆಕೆ ಗುಂಡುಸೂಜಿಗಳನ್ನು ಮೂರು ಸಲ ಎಣಿಸುತ್ತಾಳೆ, ಒಂದು ಕಡಿಮೆ ಬಂತೋ, "ಯಾರೂ ಅಲ್ಲಾಡ್ಬೇಡಿ!" ಎಂದು ಕೂಗುತ್ತಾಳೆ, ಚಿಕ್ಕಪ್ಪ ಒಂದು ಕಾಲೆತ್ತಿಕೊಂಡು ಕೊಕ್ಕರೆಯಂತೆ ನಿಂತುಬಿಡುತ್ತಾರೆ. ಹೊಲಿದು ಮುಗಿಸಿದ ಬುಟ್ಟಿಯ ಒಳಮಗ್ಗುಲನ್ನು ಹೊರಗೆ ತಿರುವಿ, ತನ್ನ ಕೆನ್ನೆಗೆ ಉಜ್ಜಿ ನೋಡದೆ ಯಾರಿಗೂ ಕೊಡುವುದಿಲ್ಲ. "ಕೈಯಲ್ಲಿ ಮುಟ್ಟಿ ನೋಡಿದ್ರೆ ಸಾಲ್ದಾ?" ಎಂದು ನಾವು ನಗುತ್ತಿದ್ದೆವು. ನಿನ್ನೆ ಬುಟ್ಟಿಯ ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಕಂಡವು. ಸೂಜಿ ಆಕೆಯ ಬೆರಳಿಗೆ ನೆಟ್ಟುಕೊಂಡೇ ಇತ್ತು, ಆಕೆ ಹಾಯಾಗಿ ಮಾತಾಡುತ್ತಲೇ ಇದ್ದಳು. ನಾನು ಕಿರುಚಿದೊಡನೆ ಸೂಜಿ ಕಿತ್ತು, ಬೆರಳನ್ನು ಬಟ್ಟೆಯಡಿ ಬಚ್ಚಿಟ್ಟಳು. "ಬೆರಳಿಗೆ ಏನೂ ಗೊತ್ತಾಗಲ್ಲ ಕಣೇ, ಆರು ತಿಂಗಳಾಯ್ತು. ಯಾರಿಗೂ ಹೇಳ್ಬೇಡ. ಆಮೇಲೆ ಮಗೂನ ನನ್ ಕೈಗೇ ಕೊಡಲ್ಲ ಇವರು." ಅಷ್ಟರಲ್ಲಿ ಮಗು ಎಚ್ಚರಗೊಂಡು ಅತ್ತಿತು. ಚಿಕ್ಕಮ್ಮ ಕೈಚಾಚಲಿಲ್ಲ, ನನ್ನ ಮುಖವನ್ನೇ ನೋಡಿದಳು. ನಾನು ಮಗುವನ್ನು ಆಕೆಯ ತೋಳಿಗೆ ಕೊಟ್ಟೆ. ಆದರೆ ಅದರಡಿ ಆನಿಸಿದ್ದ ನನ್ನ ಕೈಯನ್ನು ತೆಗೆಯಲು ಮಾತ್ರ ಧೈರ್ಯ ಬರಲಿಲ್ಲ.