ಗುಡುಗಿದಾಗ ಬರುವ ಫೋನು

ಮೋಡ ಕಂಡರೆ ಮುಖ ಅರಳುವ ಹೆಂಗಸೊಬ್ಬಳು ಆ ಲಾಡ್ಜಿನ ತಾರಸಿಯ ಮೇಲೆ ಕೆಲಸಕ್ಕಿದ್ದಳು ಅಂದರೆ ಯಾರು ನಂಬುತ್ತಾರೆ? ಅವಳ ಕೆಲಸವೋ, ಒಗೆದ ಬೆಡ್‌ಶೀಟು ಒಣಗಿಸುವುದು. ಮಳೆ ಬಂದರೆ ಕೆಲಸ ಎರಡು ಪಟ್ಟು, ಮ್ಯಾನೇಜರನ ಬೈಗುಳ ನಾಲ್ಕು ಪಟ್ಟು. ಆದರೂ ಚಳಿ ಕಳೆದು ಬೀದಿಯ ಮರಗಳು ಚಿಗುರಿ, ಮಧ್ಯಾಹ್ನ ಧಗಧಗ ಉರಿದು ಸಂಜೆಗೆ ದಿಕ್ಕೆಲ್ಲ ಕಪ್ಪಾಗುವ ದಿನಗಳು ಬಂದವೆಂದರೆ, ತಾರಸಿಯಕ್ಕ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಗುನುಗಲು ಶುರುಮಾಡುತ್ತಿದ್ದಳು. ಲಾಡ್ಜಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ, ತಾರಸಿಯಕ್ಕ ಅಂತ.

ಅವಳ ಆ ಸಡಗರಕ್ಕೆಲ್ಲ ಕಾರಣ ಅವಳ ತಂಗಿ.

ತಂಗಿಗೆ ಹುಟ್ಟಿನಿಂದ ಗುಡುಗೆಂದರೆ ಪ್ರಾಣಭಯ. ಚಿಕ್ಕಂದಿನಲ್ಲಿ ಆಕಾಶ ಒಂದು ಸಲ ಗುರ್ ಅಂದರೆ ಸಾಕು, ಅಕ್ಕನ ಹೊದಿಕೆಯೊಳಗೆ ನುಗ್ಗಿ ಅವಳ ಹೊಟ್ಟೆಗೆ ಮೂಗು ಒತ್ತಿಕೊಂಡು, "ಮಾತಾಡೇ, ಏನಾದ್ರೂ ಮಾತಾಡೇ" ಎನ್ನುತ್ತಿದ್ದಳು. ಅಕ್ಕ ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದಳು. ಪಕ್ಕದ ಮನೆ ಬೆಕ್ಕಿಗೆ ಮದುವೆಯಂತೆ, ಮೇಷ್ಟ್ರ ಮೀಸೆಯಲ್ಲಿ ಗುಬ್ಬಿ ಗೂಡು ಕಟ್ಟಿದೆಯಂತೆ. ಮಳೆ ನಿಲ್ಲುವ ತನಕ ಬಾಯಿ ನಿಲ್ಲಿಸುವಂತಿಲ್ಲ. ಇವಳ ಬಾಯಿ ಇಷ್ಟು ಉದ್ದವಾದದ್ದೇ ಅದರಿಂದ ಅಂತ ಅವರಮ್ಮ ತಮಾಷೆ ಮಾಡುತ್ತಿದ್ದರು.

ಆ ಬಾಯೇ ಕೊನೆಗೆ ಎಡವಟ್ಟು ಮಾಡಿತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ನಂಟರೆಲ್ಲ ಊಟಕ್ಕೆ ಕೂತಿದ್ದಾಗ ತಂಗಿ ಯಾವುದಕ್ಕೋ ಜೋರು ವಾದ ಮಾಡುತ್ತಿದ್ದಳು. ಅಕ್ಕ ನಗುನಗುತ್ತಲೇ, "ಸಾಕು ಸುಮ್ನಿರೇ, ನಿನ್ನ ಬಾಯಿಗೆ ಹೆದರ್ಕೊಂಡೇ ನಿನ್ನ ಗಂಡ ಓಡಿಹೋಗಿದ್ದು" ಅಂದುಬಿಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕರು. ತಂಗಿ ಎದ್ದು ಕೈತೊಳೆದು ಹೊರಟುಹೋದಳು. ಗಂಡ ಬಿಟ್ಟುಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಒಂದೇ ಪಟ್ಟಣದ ಈ ತುದಿಗೊಬ್ಬಳು, ಆ ತುದಿಗೊಬ್ಬಳು. ಅಕ್ಕ ಹೋಗಿ ತಪ್ಪಾಯಿತು ಅನ್ನಬಾರದಿತ್ತೇ? ಅನ್ನಬಹುದಿತ್ತು, ಯಾರು ಬೇಡ ಅಂದರು! ಲೋಕದ ಸುದ್ದಿಯನ್ನೆಲ್ಲ ಆಡುವ ಆ ನಾಲಿಗೆ ಅದೊಂದು ಮಾತಿಗೆ ಮಾತ್ರ ಹೊರಳುತ್ತಿರಲಿಲ್ಲ.

ಮುಂದಿನ ವಸಂತದ ಮೊದಲ ಗುಡುಗಿಗೆ ಅವಳ ಫೋನು ಹೊಡೆದುಕೊಂಡಿತು. ನೋಡಿದರೆ ತಂಗಿಯ ನಂಬರು. "ಹಲೋ" ಅಂದರೆ ಆ ಕಡೆಯಿಂದ ಬರಿಯ ಉಸಿರು. ಅಕ್ಕನಿಗೆ ತಿಳಿಯಿತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಶೀಟುಗಳನ್ನು ಬಾಚಿ ಬಾಚಿ ಮೆಟ್ಟಿಲ ಕೋಣೆಯೊಳಗೆ ಹಾಕುತ್ತಾ ಮಾತು ಶುರುಮಾಡಿದಳು. ಏಳನೇ ನಂಬರ್ ರೂಮಿನವನು ದಿಂಬಿನ ಕವರು ಕದ್ದದ್ದು, ಮ್ಯಾನೇಜರ್ ತಲೆಗೆ ಹಚ್ಚಿದ ಬಣ್ಣ ಟವೆಲ್ಲಿಗೆಲ್ಲ ಹತ್ತಿದ್ದು. ಗುಡುಗು ನಿಂತಿತು, ಫೋನು ಕಟ್ಟಾಯಿತು. ಆಮೇಲೆ ಪ್ರತಿ ವಸಂತವೂ ಹೀಗೇ. ತಂಗಿ ಒಂದು ಮಾತೂ ಆಡಲಿಲ್ಲ, ಅಕ್ಕ ಆಡಬೇಕಾದ ಮಾತು ಆಡಲಿಲ್ಲ. ಆದರೂ ಆ ಉಸಿರಿಗಾಗಿ ಅವಳ ಜೀವ ವರ್ಷವಿಡೀ ಹಂಬಲಿಸುತ್ತಿತ್ತು. ಉಳಿದ ತಿಂಗಳುಗಳಲ್ಲಿ ಗುಡುಗದ ಆಕಾಶ ನೋಡಿ ಹಲ್ಲು ಕಡಿಯುತ್ತಿದ್ದಳು.

ಈ ವರ್ಷ ಮೊದಲ ಗುಡುಗು ಬಂತು. ಫೋನು ಬರಲಿಲ್ಲ.

ವಾರವಿಡೀ ಹವೆ ನೆಟ್ಟಗಿರುವುದಿಲ್ಲ, ಗುಡುಗು, ಸಿಡಿಲು, ಆಲಿಕಲ್ಲು ಎಲ್ಲ ಇದೆ ಎಂದು ರೇಡಿಯೋದಲ್ಲಿ ಹೇಳಿದಾಗ ಅಕ್ಕ ಒಳಗೊಳಗೇ ಹಿಗ್ಗಿದ್ದಳು. ಮಾರನೇ ದಿನವೂ ಗುಡುಗಿತು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡು ನಿಂತಳು. ರಿಸೆಪ್ಷನ್ನಿನ ಹುಡುಗಿ ಮೇಲೆ ಬಂದು, "ಯಾರಕ್ಕ ಅದು? ನೋಡಿ ನೋಡೀನೇ ಫೋನು ಸವೆಸ್ತಿದ್ದೀರಲ್ಲ!" ಎಂದಳು.

"ಇದ್ದಾನೆ ಬಿಡೇ ಒಬ್ಬ. ನಿಂಗ್ಯಾಕೆ ಹೊಟ್ಟೆಯುರಿ?"

ಹುಡುಗಿ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ. ಮಾನ ಬಿಟ್ಟು ತಾನೇ ಫೋನು ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು, ಯಾರೂ ಎತ್ತಲಿಲ್ಲ. ಏನಾದರೂ ಹೆಚ್ಚುಕಮ್ಮಿಯಾಯಿತೇ? ಇಲ್ಲವೇ ಗುಡುಗಿದಾಗ ಮಾತಾಡುವವರು ಬೇರೆ ಯಾರಾದರೂ ಸಿಕ್ಕರೇ? ನಿಜ ಹೇಳಬೇಕೆಂದರೆ ಈ ಎರಡನೆಯ ಯೋಚನೆಯೇ ಅವಳನ್ನು ಹೆಚ್ಚು ಚುಚ್ಚಿತು.

ಅದರ ಮಾರನೇ ದಿನ ರೇಡಿಯೋ ಯಾರೂ ಮನೆಯಿಂದ ಹೊರಗೆ ಬರಬೇಡಿ ಎಂದು ಬೆಳಗಿನಿಂದಲೇ ಬಡಿದುಕೊಳ್ಳುತ್ತಿತ್ತು. ಮಧ್ಯಾಹ್ನಕ್ಕೇ ಕತ್ತಲು ಕವಿಯಿತು. ಹಗ್ಗದ ತುಂಬ ಶೀಟುಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಒಂದು ಗುಡುಗು, ಇನ್ನೊಂದು ಗುಡುಗು. ಅಕ್ಕ ಫೋನು ನೋಡಿದಳು, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು.

"ಏಯ್, ಶೀಟು?" ಮ್ಯಾನೇಜರ್ ಕೂಗಿದ.

"ನೀವೇ ತೆಗೀರಿ ಸಾರ್, ಕೈಯಿದೆಯಲ್ಲ!"

ಬಸ್ಸಿನ ತಗಡಿನ ಮೇಲೆ ಆಲಿಕಲ್ಲು ದಬದಬ ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ಕೊಂಬೆ ಮುರಿದು ಬಿದ್ದು ಬಸ್ಸು ನಿಂತಿತು. ಉಳಿದ ದಾರಿಯನ್ನು ಅವಳು ತಲೆಯ ಮೇಲೆ ಚೀಲ ಹಿಡಿದು, ಗೋಡೆ ಬದಿಯಲ್ಲಿ ಓಡಿಯೇ ಮುಗಿಸಿದಳು. ತಂಗಿಯ ಬಾಗಿಲು ಬಡಿದಳು. ಉತ್ತರವಿಲ್ಲ. ಕಿಟಕಿಗೆ ಹೋಗಿ ಇಣುಕಿದರೆ, ಮಂಚದ ಮೂಲೆಯಲ್ಲಿ ಹೊದಿಕೆಯ ಮುದ್ದೆಯೊಂದು ನಡುಗುತ್ತಿತ್ತು. ಕೂಗಿದರೂ ಮುದ್ದೆ ತೆರೆದುಕೊಳ್ಳಲಿಲ್ಲ. ಗಾಜಿಗೆ ಎರಡೂ ಕೈಯಲ್ಲಿ ಗುದ್ದಿದ ಮೇಲೆ ಹೊದಿಕೆಯಿಂದ ತಲೆಯೊಂದು ಹೊರಬಂತು.

ಬಾಗಿಲು ತೆರೆಯಿತು.

"ನೀನು ಸತ್ತೇಹೋದೆ ಅಂದ್ಕೊಂಡಿದ್ದೆ ಕಣೇ! ಫೋನ್ ಯಾಕೆ ಮಾಡ್ಲಿಲ್ಲ?"

ತಂಗಿ ಅವಳ ತುಟಿಗಳನ್ನೇ ನೋಡಿದಳು. "ಏನು?"

"ಫೋನು! ಫೋನು!"

"ಯಾಕೆ ಮಾಡ್ಬೇಕು? ಹೋದ ವರ್ಷ ಕೊನೇ ಗುಡುಗಿಗೆ ಮಾಡಿದ್ನಲ್ಲ. ನೀನು ತುಟಿ ಪಿಟಕ್ ಅನ್ಲಿಲ್ಲ. ಇವಳೂ ನನ್ನ ಕೈಬಿಟ್ಳು ಅಂದ್ಕೊಂಡೆ."

"ಗಂಟಲು ಒಣಗೋ ತನಕ ಮಾತಾಡಿದ್ನಲ್ಲೇ ಅವತ್ತು!"

"ಏನಂದೆ? ಈಗೀಗ ಎಲ್ರೂ ಗೊಣಗೋದೇ ಆಯ್ತು. ಯಾರೂ ಬಾಯಿಬಿಟ್ಟು ಮಾತಾಡಲ್ಲ."

ಅಕ್ಕನಿಗೆ ಆಗ ಹೊಳೆಯಿತು. ಈ ಪೆದ್ದಿಗೆ ಕಿವಿ ಮಂದವಾಗಿದೆ, ಅದು ಅವಳಿಗೇ ಗೊತ್ತಿಲ್ಲ! ಗುಡುಗು ಮಾತ್ರ ಕೇಳಿಸುತ್ತದೆ, ಅಕ್ಕನ ದನಿ ಕೇಳಿಸುವುದಿಲ್ಲ. ಒಂದು ವರ್ಷವಿಡೀ ಅಕ್ಕ ಮಾತು ಬಿಟ್ಟಳೆಂದು ಒಬ್ಬಳೇ ಕೊರಗಿದ್ದಾಳೆ.

ಅಷ್ಟರಲ್ಲಿ ಕಿಟಕಿ ಅದುರುವಂತೆ ಗುಡುಗಿತು. ತಂಗಿ ಕಣ್ಣುಮುಚ್ಚಿ ಅವಳ ಒದ್ದೆ ಸೀರೆಯನ್ನು ಹಿಡಿದುಕೊಂಡಳು. ಅಕ್ಕ ಅಭ್ಯಾಸಬಲದಿಂದ, "ಏಳನೇ ನಂಬರ್ ರೂಮಲ್ಲಿ…" ಎಂದು ಶುರುಮಾಡಿ ನಿಲ್ಲಿಸಿದಳು. ತಂಗಿಯ ಕಿವಿಗೆ ಬಾಯಿ ಹತ್ತಿಸಿ, "ನಾನು ಅವತ್ತು ಹಾಗೆ ಅನ್ನಬಾರದಿತ್ತು" ಎಂದಳು.

"ಏನು?"

"ಹಾಗೆ ಅನ್ನಬಾರದಿತ್ತು ಕಣೇ!"

"ಜೋರಾಗಿ ಹೇಳು."

ಬಾಗಿಲು ತೆರೆದೇ ಇತ್ತು. ಆಲಿಕಲ್ಲು ನೋಡಲು ಎದುರುಮನೆಯವರು, ಮೇಲ್ಮಹಡಿಯವರು ಎಲ್ಲ ಹೊರಗೆ ನಿಂತಿದ್ದರು. ನಿಂತಿರಲಿ. ಅವತ್ತು ಆಡಿದ್ದೂ ನಾಲ್ಕು ಜನರ ಎದುರೇ ತಾನೇ? ಅಕ್ಕ ಎದೆತುಂಬ ಉಸಿರೆಳೆದುಕೊಂಡು ಕಿರುಚಿದಳು:

"ನಿನ್ನ ಗಂಡ ಹೋಗಿದ್ದು ನಿನ್ನ ತಪ್ಪಲ್ಲ! ತಪ್ಪು ನಂದು! ಕ್ಷಮಿಸೇ!"

ಮೇಲ್ಮಹಡಿಯ ಮುದುಕ ಬಗ್ಗಿ ಕೂಗಿದ: "ಕ್ಷಮಿಸ್ಬೇಕಂತೆ ಕಣಮ್ಮಾ! ನಮಗೆಲ್ಲ ಕೇಳಿಸ್ತು, ನಿಂಗೆ ಕೇಳಿಸ್ಲಿಲ್ವಾ?"

ತಂಗಿ ಅಕ್ಕನ ಹೊಟ್ಟೆಗೆ ಮೂಗು ಒತ್ತಿಕೊಂಡು ಬಿಕ್ಕುತ್ತಿದ್ದಳು.

"ಕೇಳಿಸ್ತಕ್ಕ. ಎರಡನೇ ಸಲಕ್ಕೇ ಕೇಳಿಸ್ತು. ನೀನು ಹೇಳ್ತಾ ಇರು, ಮಳೆ ಇನ್ನೂ ನಿಂತಿಲ್ಲ."