‘ನೋಡೋಣ’ ಅನ್ನುವ ಮಾತು

ನಮ್ಮ ಕಡೆ ಸರಕಾರಿ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರ ಹುದ್ದೆ ಖಾಲಿಯಾದರೆ ಸ್ಟಾಫ್‌ರೂಮಿನಲ್ಲಿ ಒಂದು ತಮಾಷೆ ನಡೆಯುತ್ತದೆ. ಇದ್ದಕ್ಕಿದ್ದಂತೆ ಒಬ್ಬರಿಗೆ ಬಿ.ಪಿ. ಬರುತ್ತದೆ, ಇನ್ನೊಬ್ಬರಿಗೆ ಮೊಣಕಾಲು ನೋವು, ಮತ್ತೊಬ್ಬರ ಅತ್ತೆಗೆ ಊರಲ್ಲಿ ಹುಷಾರಿರುವುದಿಲ್ಲ. ಯಾರಿಗೂ ‘ಚಾರ್ಜ್’ ಬೇಡ. ಚಾರ್ಜ್ ಅಂದರೆ ಹೊಸ ಹೆಡ್‌ಮಾಸ್ತರರು ಬರುವ ತನಕ ಅವರ ಕುರ್ಚಿಯಲ್ಲಿ ಕೂಡುವುದು. ಕೆಲಸ ಪೂರ್ತಿ, ಮರ್ಯಾದೆ ಅರ್ಧ. ಮಸ್ಕಿಯ ನಮ್ಮ ಶಾಲೆಯಲ್ಲಿ ಹಾಗೆ ಎಲ್ಲರೂ ನುಣುಚಿಕೊಂಡ ಮೇಲೆ ಅದು ನನ್ನ ತಲೆಗೆ ಬಂತು. ಹಿರಿತನದ ಮೇಲೆ ಎಂದು ಆದೇಶದಲ್ಲಿ ಬರೆದಿತ್ತು. ಹೊತ್ತಿಗೆ ಸರಿಯಾಗಿ ಒಂದು ರೋಗ ಹೊಳೆಯದೇ ಹೋದದ್ದರಿಂದ ಎಂದು ನಾನು ತಿಳಿದುಕೊಂಡಿದ್ದೇನೆ.

ಆ ಕುರ್ಚಿಯಲ್ಲಿ ಕೂತ ಕೆಲವೇ ದಿನಗಳಲ್ಲಿ ನನ್ನ ಬಾಯಿಗೆ ಒಂದು ಮಾತು ಅಂಟಿಕೊಂಡಿತು. ನೀರಿನ ಟ್ಯಾಂಕ್ ತೊಳೆಸಬೇಕು ಅಂದರೆ ‘ನೋಡೋಣ’. ವಾಲಿಬಾಲ್ ನೆಟ್ ಹರಿದಿದೆ ಅಂದರೆ ‘ನೋಡೋಣ’. ಶನಿವಾರ ಬೇಗ ಹೋಗಲೇನ್ರಿ ಅಂದರೂ ‘ನೋಡೋಣ’. ಕೊನೆಗೆ ಪಿ.ಟಿ. ಮಾಸ್ತರರು ಎಲ್ಲರೆದುರು, “ಮೇಡಂ, ನೀವು ನೋಡಾಕತ್ತಿದ್ದು ಭಾಳ ಆತ್ರಿ. ಕಣ್ಣಿಗೆ ತ್ರಾಸ ಆದೀತು” ಅಂದುಬಿಟ್ಟರು. ಸ್ಟಾಫ್‌ರೂಮ್ ಘೊಳ್ಳೆಂದು ನಕ್ಕಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅಂದು ಮಾತ್ರ ಅವರ ಮೇಲೆ ಬರಲಿಲ್ಲ. ಆ ಮಾತನ್ನು ಮೊದಲು ಎಲ್ಲಿ ಕೇಳಿದ್ದೆ ಅನ್ನುವುದು ನೆನಪಾಗಿ ನನ್ನ ಮೇಲೆಯೇ ಬಂತು.

ನೌಕರಿ ಸಿಗುವ ಮುಂಚೆ ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅದರ ಯಜಮಾನರಿಗೆ ಅಕ್ಕಿ ಗಿರಣಿಯೂ ಇತ್ತು. ಮುಂಜಾನೆ ಗಿರಣಿ ಮುಗಿಸಿ, ಅಂಗಿಯ ಮೇಲೆ ತೌಡಿನ ಧೂಳು ಹಾಗೇ ಇಟ್ಟುಕೊಂಡು ಮಧ್ಯಾಹ್ನ ಶಾಲೆಗೆ ಬರುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಯಾರ ಮೇಲೂ ದನಿ ಎತ್ತಿದವರಲ್ಲ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿನ ಒಳಚಿಲಕ ಮುರಿದಿತ್ತು. ಹೊಸದು ಹಾಕಿಸ್ರಿ ಎಂದು ಕೇಳಿದೆ. “ನೋಡೋಣಮ್ಮ” ಅಂದರು, ಎಷ್ಟು ಮೃದುವಾಗಿ ಅಂದರೆ ಚಿಲಕ ಆಗಲೇ ಬಂದು ಕೂತಂತೆ ಅನಿಸಿತು. ಮುಂದೆ ಕೇಳಿದಾಗಲೆಲ್ಲ ಅದೇ ಮಾತು, ಅದೇ ಮೃದು ದನಿ.

ಇಡೀ ವರ್ಷ ಒಬ್ಬ ಹುಡುಗಿ ಒಳಗೆ ಹೋದರೆ ಗೆಳತಿಯೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಆಟೋದಲ್ಲಿ ಬರುತ್ತಿದ್ದ ಬಂಗಾಳಿ ಹುಡುಗಿಯೊಬ್ಬಳಿಗೆ ಹಾಗೆ ಕಾಯಲು ಗೆಳತಿ ಇರಲಿಲ್ಲ. ಅವಳು ಮನೆಗೆ ಹೋಗುವ ತನಕ ನೀರೇ ಕುಡಿಯುತ್ತಿರಲಿಲ್ಲ. ಯಜಮಾನರು ‘ಆಗಂಗಿಲ್ಲ’ ಅಂದಿದ್ದರೆ ನಾನೇ ಬಜಾರಿನಿಂದ ಒಂದು ಚಿಲಕ ತಂದು ಹೊಡೆಸುತ್ತಿದ್ದೆ. ‘ನೋಡೋಣ’ ಅಂದವರನ್ನು ದಾಟಿ ಹಾಗೆ ಮಾಡಿದರೆ ಅವರಿಗೆ ಅವಮಾನ ಮಾಡಿದಂತೆ. ಅದಕ್ಕೇ ಸುಮ್ಮನಿದ್ದೆ, ಕಾದೆ.

ಸರಕಾರಿ ನೌಕರಿ ಸಿಕ್ಕು ಲಿಂಗಸುಗೂರಿನ ಶಾಲೆಯೊಂದಕ್ಕೆ ಹೋದಾಗ ಅಲ್ಲಿಯ ಹೆಡ್‌ಮಾಸ್ತರರು ಇದಕ್ಕೆ ತದ್ವಿರುದ್ಧ. ಮಾತು ಒರಟು. ಕೇಳಿದವರು ಇನ್ನೂ ಕುರ್ಚಿ ಎಳೆದುಕೊಳ್ಳುವುದರೊಳಗೆ ಉತ್ತರ ಬಂದಿರುತ್ತಿತ್ತು. ಮೊದಲ ವರ್ಷವೇ ಹತ್ತನೇ ತರಗತಿಯ ವಿಜ್ಞಾನ ನನಗೆ ಕೊಡ್ರಿ ಎಂದು ಕೇಳಿದೆ.

“ಕೊಡಂಗಿಲ್ಲ ತಂಗಿ,” ಅಂದರು. “ನಿನ್ನ ಪಾಠ ಚಲೋ ಐತಿ. ಆದ್ರ ಸಿಟ್ಟು ಭಾಳ ಐತಿ. ಪರೀಕ್ಷೆ ಹೆದರಿಕೆ ಇದ್ದ ಹುಡುಗ್ರ ಮುಂದ ಅದು ನಡಿಯಂಗಿಲ್ಲ. ಬರೋ ವರ್ಷ ಕೊಡ್ತೀನಿ.”

ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದೇನೆ ಅನ್ನುವುದೇ ಅವರಿಗೆ ಗೊತ್ತಾಗಲಿಲ್ಲ ಅನ್ನುವುದು ಇನ್ನೊಂದು ಸಿಟ್ಟು. ಮುಂದಿನ ಜೂನ್‌ನಲ್ಲಿ ನಾನು ಕೇಳುವ ಮೊದಲೇ ಕರೆದು ಹತ್ತನೇ ತರಗತಿ ಕೊಟ್ಟರು. ಗೊತ್ತಿಲ್ಲದ್ದನ್ನು ಕೇಳಿದರೆ ಅವರು, “ಗೊತ್ತಿಲ್ಲ. ಗೊತ್ತಾದ್ರ ನಾನ ಬಂದು ಹೇಳ್ತೀನಿ” ಅನ್ನುತ್ತಿದ್ದರು. ಹೇಳಿದಂತೆ ಚಾಕ್‌ಪುಡಿಯ ಕೈಯಲ್ಲೇ ಬಂದು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಅವರನ್ನು ಬೈಯದವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಆದರೆ ಅವರ ಮಾತು ನಂಬಿ ಜನ ಮನೆ ಬಾಡಿಗೆ ಹಿಡಿಯುತ್ತಿದ್ದರು, ಮಗಳ ಮದುವೆಗೆ ರಜೆ ಗೊತ್ತು ಮಾಡುತ್ತಿದ್ದರು.

ಮಸ್ಕಿಯಲ್ಲಿ ಚಾರ್ಜ್ ತೆಗೆದುಕೊಂಡ ಮೇಲೆ ನನ್ನನ್ನು ನಾಯಕತ್ವದ ತರಬೇತಿಗೂ ಕಳಿಸಿದರು. ದೂರದೃಷ್ಟಿ, ಧೈರ್ಯ, ಸಹನೆ ಎಂದು ಪರದೆಯ ಮೇಲೆ ಒಂದೊಂದೇ ಬರುತ್ತಿತ್ತು. ಹೇಳಲೇಬೇಕಾದ ‘ಇಲ್ಲ’ವನ್ನು ಎದುರಿನವರಿಗೆ ಇನ್ನೂ ಉಪಯೋಗಕ್ಕೆ ಬರುವ ಹೊತ್ತಿಗೇ ಹೇಳುವುದು ಇದರಲ್ಲಿ ಯಾವುದರೊಳಗೆ ಬರುತ್ತದ್ರಿ ಎಂದು ಕೇಳಬೇಕೆನಿಸಿತ್ತು. ಊಟದ ಹೊತ್ತಾಗಿತ್ತು, ಕೇಳಲಿಲ್ಲ.

ಅದಾದ ಮೇಲೆ, ಕಾಲುವೆಗೆ ನೀರು ಬಿಟ್ಟ ದಿನಗಳವು. ಸಿಂಧನೂರಿನ ಬಸ್ಸುಗಳಲ್ಲಿ ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು ತುಂಬಿರುತ್ತಿದ್ದರು. ಅಂಥ ಬಸ್ಸಿನಲ್ಲಿ ದಿನಾ ನಿಂತುಕೊಂಡು ಬರುತ್ತಿದ್ದಳು ನಮ್ಮ ಗಣಿತದ ಅತಿಥಿ ಶಿಕ್ಷಕಿ. ಅತಿಥಿ ಅನ್ನುವುದು ಸರಕಾರ ಇಟ್ಟ ಹೆಸರು. ಕಾಯಂ ಶಿಕ್ಷಕರು ಬಂದ ದಿನ ಎದ್ದು ಹೋಗಬೇಕಾದ ಅತಿಥಿ. ಹತ್ತನೇ ತರಗತಿಯವರಿಗೆ ಅವಳೆಂದರೆ ಜೀವ. ಒಂದು ಶುಕ್ರವಾರ ನನ್ನ ಕೋಣೆಗೆ ಬಂದಳು.

“ಮೇಡಂ, ಸಿಂಧನೂರಾಗ ಮನಿ ಹತ್ರದ ಒಂದು ಸಾಲ್ಯಾಗ ಕರ್ಯಾಕತ್ತಾರ. ಸೋಮವಾರದೊಳಗ ಹೇಳಬೇಕಂತ. ಮಗಳು ಸಣ್ಣಾಕಿ ಅದಾಳ, ಹತ್ರ ಆಗ್ತೈತಿ. ಆದ್ರ ನನಗ ಈ ಹುಡುಗ್ರನ್ನ ಬಿಡಾಕ ಮನಸ್ಸಿಲ್ರಿ. ಈ ವರ್ಷ ಪೂರ್ತಿ ಇಲ್ಲೇ ಇರ್ತೀನೇನ್ರಿ? ನೀವು ಹೂಂ ಅಂದ್ರ ಅವರಿಗೆ ಬ್ಯಾಡ ಅಂತೀನಿ.”

ಅಂದು ಮುಂಜಾನೆಯೇ ಶಿಕ್ಷಣ ಇಲಾಖೆಯ ಆಫೀಸಿನಿಂದ ಫೋನ್ ಬಂದಿತ್ತು. ವರ್ಗಾವಣೆಯಲ್ಲಿ ಒಬ್ಬ ಕಾಯಂ ಗಣಿತ ಮಾಸ್ತರರು ನಮ್ಮ ಶಾಲೆ ಆರಿಸಿಕೊಂಡಿದ್ದಾರೆ, ಬಂದು ಸೇರಲು ಒಂದೆರಡು ತಿಂಗಳಾದೀತು ಎಂದಿದ್ದರು. ಅವರು ಬಂದರೆ ಇವಳಿಗೆ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಇವಳಿಗೆ ಈಗಲೇ ಹೇಳಿದರೆ ಹತ್ತನೇ ತರಗತಿಗೆ ಅಲ್ಲಿಯ ತನಕ ಗಣಿತವೇ ಇಲ್ಲ. ‘ನೋಡೋಣವಾ’ ಅಂದರೆ ಸಾಕಿತ್ತು. ಅದು ಸುಳ್ಳೂ ಅಲ್ಲ, ಆದೇಶ ಇನ್ನೂ ಕೈಗೆ ಬಂದಿರಲಿಲ್ಲ. ನನ್ನ ಮೇಲಿನ ನಂಬಿಕೆಯಲ್ಲಿ ಅವಳು ಉಳಿಯುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂತು, ಅದೇ ಮೃದು ದನಿಯಲ್ಲಿ. ಆ ದನಿ ಕಿವಿಗೆ ಬಿದ್ದಂತಾಗಿ ನನಗೇ ಹೇಸಿಗೆಯಾಯಿತು.

“ಇಲ್ಲವಾ,” ಅಂದೆ. “ಕಾಯಂ ಮಾಸ್ತರು ಬರ್ತಾರಂತ. ನೀ ಅಲ್ಲಿ ಹೂಂ ಅಂದುಬಿಡು.”

ಅವಳ ಮುಖ ಸಪ್ಪಗಾಯಿತು. ನೇರ ನನ್ನನ್ನು ನೋಡಿ, “ಇದು ಯಾವಾಗ ಗೊತ್ತಾತ್ರಿ ನಿಮಗ?” ಎಂದು ಕೇಳಿದಳು.

“ಇವತ್ತ ಮುಂಜಾನೆ.”

“ಖರೇನ ಬರ್ತಾರೇನ್ರಿ ಅವರು?”

“ಅದು ಗೊತ್ತಿಲ್ಲವಾ. ಏನರ ಬದಲಾದ್ರ ನಾನ ಹೇಳ್ತೀನಿ.”

ತಲೆಯಾಡಿಸಿ ಎದ್ದುಹೋದಳು. ಶನಿವಾರ ಕೊನೆಯ ಗಂಟೆಯ ತನಕ ಪಾಠ ಮಾಡಿದಳು, ಸೋಮವಾರ ಬರಲಿಲ್ಲ.

ಹತ್ತನೇ ತರಗತಿಯ ಗಣಿತ ನಾನೇ ಹಿಡಿದೆ. ವಿಜ್ಞಾನದವಳು, ರಾತ್ರಿ ಓದಿಕೊಂಡು ಮುಂಜಾನೆ ಹೇಳುವ ಪಾಠ ಹೇಗಿರುತ್ತದೋ ಹಾಗಿತ್ತು. ಶಾಲಾ ಸಮಿತಿಯ ಒಬ್ಬರು, ಅವರ ಮಗಳೂ ಅದೇ ತರಗತಿಯವಳು, ಬಂದು ಬೈದರು. “ನೀವ್ಯಾಕ ಅಕಿಗೆ ಹೇಳಾಕ ಹೋದ್ರಿ ಮೇಡಂ? ಸುಮ್ಮ ನೋಡೋಣ ಅಂದಿದ್ರ ಇರ್ತಿದ್ಲಲ್ರಿ!” ಮಗಳ ಪರೀಕ್ಷೆ ಮುಂದಿರುವ ತಂದೆಗೆ ಅವರ ಮಾತು ತಪ್ಪೆಂದು ಹೇಗೆ ಹೇಳಲಿ? ಚಹಾ ತರಿಸಿದೆ. ಕುಡಿಯದೇ ಹೋದರು.

ತಿಂಗಳುಗಳು ಕಳೆದವು, ಕಾಯಂ ಮಾಸ್ತರರು ಬರಲಿಲ್ಲ. ದಸರಾ ರಜೆಯ ಮುಂಚೆ ಮತ್ತೆ ಆಫೀಸಿನ ಫೋನ್ ಬಂತು: ಅವರು ವರ್ಗಾವಣೆ ರದ್ದು ಮಾಡಿಸಿಕೊಂಡಿದ್ದಾರೆ. ಬೇರೆ ಅತಿಥಿ ಶಿಕ್ಷಕರನ್ನು ಹುಡುಕಿಕೊಳ್ಳಿ.

ಫೋನ್ ಇಟ್ಟೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಇಲ್ಲಿರುತ್ತಿದ್ದಳು, ಹುಡುಗರಿಗೆ ಪಾಠ ಆಗಿರುತ್ತಿತ್ತು. ನನ್ನ ಖರೇ ಮಾತಿನಿಂದ ಯಾರಿಗೂ ಒಳ್ಳೆಯದಾಗಲಿಲ್ಲ. ಈಗ ಇದನ್ನು ಅವಳಿಗೆ ಹೇಳದಿದ್ದರೆ ಅವಳಿಗೆ ಎಂದೂ ಗೊತ್ತಾಗದೆಯೂ ಇರಬಹುದು. ಎದುರಿಗಿದ್ದ ಚಹಾ ಕುಡಿದು ಮುಗಿಸಿ, ನಾಚಿಕೆ ನುಂಗಿಕೊಂಡು ನಂಬರ್ ಒತ್ತಿದೆ.

“ಆ ಮಾಸ್ತರು ಬರೂದಿಲ್ಲಂತವಾ. ರದ್ದು ಮಾಡಿಸ್ಯಾರಂತ. ನೀ ಇಲ್ಲೇ ಇರಬಹುದಿತ್ತು. ನಾ ಹೇಳಿದ್ದಕ್ಕ ಹೋದಿ.”

ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. ಬೈಯಲಿ, ಬೈದರೆ ಬೈಸಿಕೊಳ್ಳುತ್ತೇನೆ ಎಂದುಕೊಂಡೆ.

“ಇದು ಯಾವಾಗ ಗೊತ್ತಾತ್ರಿ ನಿಮಗ?” ಅಂದಳು.

“ಈಗ. ಒಂದು ಚಾ ಕುಡಿಯೂಷ್ಟು ಹೊತ್ತಾತು.”

ಅವಳು ನಕ್ಕಳು. “ಹಂಗಾದ್ರ ಬಿಡ್ರಿ ಮೇಡಂ,” ಅಂದಳು. “ಇಲ್ಲಿ ನಾ ಒಂದು ಮಾತು ಕೇಳಿ ತಿಂಗಳ ಮ್ಯಾಲಾತು. ಇನ್ನಾ ನೋಡಾಕತ್ತಾರ.”

ನನಗೂ ನಗು ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಗಣಿತದ ಪುಸ್ತಕ ತೆಗೆದುಕೊಂಡು ಹತ್ತನೇ ತರಗತಿಗೆ ಹೋದೆ.