ಬಾವಿ ರಸ್ತೆಯ ಎರಡು ಸುತ್ತು

ಮೂಡಲಪಾಳ್ಯದಲ್ಲಿ ರೇವಣಸಿದ್ದಪ್ಪನವರನ್ನು ಪೂರ್ತಿ ಹೆಸರಿನಿಂದ ಕರೆಯುವವರು ಕಡಿಮೆ. ವಾಲ್ವ್ ಸಿದ್ದಪ್ಪ ಎಂದರೆ ಎಲ್ಲರಿಗೂ ಗೊತ್ತು. ಜಗಳೂರು ಕಡೆಯಿಂದ ಬಂದು, ಮೂವತ್ತೆರಡು ವರ್ಷ ಈ ಭಾಗದ ಬೀದಿಗಳಿಗೆ ನೀರು ಬಿಡುವ ಕೆಲಸ ಮಾಡಿದವರು. ಎದೆಯೆತ್ತರದ ಕಬ್ಬಿಣದ ಕೀಯನ್ನು ಮೊದಲು ಸೈಕಲ್ಲಿಗೆ, ಆಮೇಲೆ ಸ್ಕೂಟರಿಗೆ ಕಟ್ಟಿಕೊಂಡು ಬೆಳಗಾಗುವ ಮೊದಲೇ ಹೊರಡುತ್ತಿದ್ದರು. ರಸ್ತೆಯ ನಡುವಿನ ಮುಚ್ಚಳ ಎತ್ತಿ, ಕೀ ಇಳಿಸಿ, ಸುತ್ತು ಎಣಿಸುತ್ತ ತಿರುಗಿಸುವುದು. ಕೀಯ ಮೇಲ್ತುದಿಗೆ ಕಿವಿ ಒತ್ತಿದರೆ ಕೆಳಗೆ ನೀರು ಓಡುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ಹಾಗೆ ಕೇಳಿ ಕೇಳಿ ಅವರ ಬಲಗಿವಿಯ ಮೇಲೆ ಒಂದು ಕಪ್ಪು ಗುರುತು ಕೂತಿದೆ.

ನಾಲ್ಕು ವರ್ಷದ ಹಿಂದೆ ನಿವೃತ್ತರಾದರು. ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಡಲಿಲ್ಲ. ಪಾರ್ಕಿನ ರಸ್ತೆಗೆ ಡಾಂಬರು ಹಾಕಿದರು, ಅಗೆದರು, ಮತ್ತೆ ಹಾಕಿದರು, ಮತ್ತೆ ಅಗೆದರು. ಅಗೆಯುವಾಗಲೆಲ್ಲ ಪೈಪು ಎಲ್ಲಿದೆ ಎಂದು ಕೇಳಲು ಯಾರೋ ಒಬ್ಬರು ಅವರ ಮನೆ ಬಾಗಿಲಿಗೆ ಬರುತ್ತಿದ್ದರು. ಡಾಂಬರು ಹಾಕುವ ಮೊದಲು ಮಾತ್ರ ಯಾರೂ ಬರಲಿಲ್ಲ. ಮೂರನೆಯ ಸಲ ಅಗೆದ ವಾರ, ಬಹಳ ಕಾಲ ಮುಂದೆ ಹೋಗುತ್ತಲೇ ಇದ್ದ ಕಾರ್ಪೊರೇಷನ್ ಎಲೆಕ್ಷನ್ನಿನ ಸುದ್ದಿ ಬಂತು. ಸಿದ್ದಪ್ಪನವರು ಊಟದ ಮಧ್ಯೆ, ತಾನು ನಿಲ್ಲುತ್ತೇನೆ ಎಂದರು. ಹೆಂಡತಿ ಶಿವಕ್ಕ ಇನ್ನೊಂದು ಸೌಟು ಸಾರು ಬಡಿಸಿ, ಎಲ್ಲಿ ನಿಲ್ಲುತ್ತೀರಿ ಎಂದು ಕೇಳಿದರು.

ಯಾವ ಪಕ್ಷವೂ ಅವರನ್ನು ಕರೆದಿರಲಿಲ್ಲ, ಅವರೂ ಹೋಗಲಿಲ್ಲ. ಪಕ್ಷೇತರರಾಗಿ ಅರ್ಜಿ ಹಾಕಿ ಗುರುತಿಗೆ ಬಕೆಟ್ ಕೇಳಿದರು. ಸಿಕ್ಕಿದ್ದು ಹೊಲಿಗೆ ಮಷೀನು. ಮಗಳು ವಚನಾ ಬಸವೇಶ್ವರನಗರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಪಾಂಪ್ಲೆಟ್ ಬರೆದವಳು ಅವಳೇ. ಅಪ್ಪ ಹೇಳಿದ್ದಕ್ಕಿಂತ ಒಂದು ಪದವೂ ಹೆಚ್ಚು ಹಾಕಬಾರದೆಂಬ ಷರತ್ತು ಇತ್ತು, ಆದ್ದರಿಂದ ಅದು ಅರ್ಧ ಹಾಳೆಗೇ ಮುಗಿಯಿತು. ಪೈಪು, ಕೇಬಲ್ಲು ಹಾಕುವವರೆಲ್ಲ ತಮ್ಮ ಅಗೆತ ಮುಗಿಯಿತೆಂದು ಒಂದು ಕಾಗದಕ್ಕೆ ಸಹಿ ಮಾಡದೆ ಯಾವ ರಸ್ತೆಗೂ ಡಾಂಬರಿಲ್ಲ. ಕಸದ ಆಟೊ ಬರುವ ಹೊತ್ತು ಕೆಲಸಕ್ಕೆ ಹೋಗುವವರು ಮನೆ ಬಿಡುವ ಮೊದಲು. ಪಾರ್ಕಿನ ಬಳಿಯ ತರಕಾರಿ ಗಾಡಿಗಳನ್ನು ಎತ್ತಿಸಬೇಕೆಂದು ಮನೆ ಮಾಲೀಕರ ಸಂಘದವರು ಕೇಳಿದ್ದರು; ಸಿದ್ದಪ್ಪನವರು ಒಪ್ಪದೆ, ಗಾಡಿ ನಿಲ್ಲುವ ಜಾಗಕ್ಕೆ ಬಣ್ಣದ ಗೆರೆ ಎಳೆಸುತ್ತೇನೆ ಎಂದು ಬರೆಸಿದರು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ಎಲ್ಲ ರಸ್ತೆಗೂ ಸಮನಾಗಿ ನೀರು, ನೀರು ಬಿಡುವ ದಿನ ಮತ್ತು ಸಮಯ ಆಯಾ ರಸ್ತೆಯ ಗೋಡೆಯ ಮೇಲೆ.

ಅವರಿರುವುದು ಬಾವಿ ರಸ್ತೆಯಲ್ಲಿ. ಬಾವಿ ಮುಚ್ಚಿ ಎಷ್ಟೋ ಕಾಲವಾಗಿದೆ, ಹೆಸರು ಉಳಿದಿದೆ. ರಸ್ತೆ ತಗ್ಗಿನಲ್ಲಿದೆ. ಮನೆಗಳಲ್ಲೆಲ್ಲ ಎರಡು ಮೂರು ಬಾಡಿಗೆ ಪೋರ್ಷನ್ನುಗಳು, ಎಲ್ಲಕ್ಕೂ ನೀರು ತುಂಬಿಡಲು ನೆಲದಡಿಯ ಸಂಪು. ಅಲ್ಲಿ ನೀರಿನ ಟ್ಯಾಂಕರ್ ಕಂಡವರಿಲ್ಲ. ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಗಿರಿರಾಜ್, ಬಾಡಿಗೆಗೆ ಮನೆ ಕೇಳಿ ಬಂದವರಿಗೆ ಅದನ್ನೇ ಮೊದಲು ಹೇಳುತ್ತಿದ್ದ. ಸಿದ್ದಪ್ಪನವರ ಮೊದಲ ಬ್ಯಾನರ್ ಕಟ್ಟಿದವನೂ ಅವನೇ.

"ಹೊಲಿಗೆ ಮಷೀನಿಗೂ ನೀರಿಗೂ ಏನ್ ಸಾರ್ ಸಂಬಂಧ? ಇರ್ಲಿ ಬಿಡಿ, ನಮ್ ರೋಡಿನ ಆರ್ನೂರು ವೋಟು ಎಲ್ಲೂ ಹೋಗಲ್ಲ" ಎಂದಿದ್ದ.

ಆ ಆರುನೂರು ಸಾಲುವುದಿಲ್ಲವೆಂದು ಸಿದ್ದಪ್ಪನವರಿಗೆ ಗೊತ್ತಿತ್ತು. ದಿಣ್ಣೆಯ ಮೇಲಿನ ನಾಲ್ಕು ಕ್ರಾಸುಗಳ ಮತವೂ ಬೇಕಿತ್ತು. ಬಾವಿ ರಸ್ತೆಗೂ ದಿಣ್ಣೆಗೂ ಒಂದೇ ದೊಡ್ಡ ಪೈಪಿನಿಂದ ನೀರು. ಒಂದು ದಿನ ಇವರಿಗೆ, ಮರುದಿನ ಅವರಿಗೆ. ಮತದಾನಕ್ಕೆ ಹನ್ನೊಂದು ದಿನ ಇದೆ ಎನ್ನುವಾಗ, ದಿಣ್ಣೆಗೆ ನೀರಿನ ಸರದಿ ಇದ್ದ ಬೆಳಿಗ್ಗೆ ಆರಕ್ಕೆ, ಅಪ್ಪ ಮಗಳು ಇಬ್ಬರೂ ಪಾಂಪ್ಲೆಟ್ ಹಿಡಿದು ಹತ್ತಿದರು.

ಎರಡನೆಯ ಕ್ರಾಸಿನಲ್ಲಿ ಜಗದಾಂಬಾ ಎಂಬವರು ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಾರೆ. ಐವತ್ತರ ಆಸುಪಾಸು. ಅವರು ಪಾಂಪ್ಲೆಟ್ ಪೂರ್ತಿ ಓದಿದರು. ಆ ಬೆಳಿಗ್ಗೆ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ. ಓದಿ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು, ನಲ್ಲಿಯ ಕೆಳಗೆ ಖಾಲಿ ಬಕೆಟ್ ಇಟ್ಟರು.

"ಚೆನ್ನಾಗ್ ಬರ್ದಿದೀರ. ಈ ಬಕೆಟ್ ತುಂಬೋವರ್ಗೂ ಇಲ್ಲೇ ನಿಂತಿರಿ ಸಾರ್, ಆಮೇಲೆ ವೋಟಿನ ಮಾತಾಡೋಣ."

ಸಿದ್ದಪ್ಪನವರು ನಿಂತರು. ವಚನಾ ಫೋನಿನಲ್ಲಿ ಸಮಯ ನೋಡಿಕೊಂಡಳು. ನೀರು ಬೆರಳು ಗಾತ್ರವೂ ಇರಲಿಲ್ಲ. ಬಕೆಟ್ಟಿನ ತಳಕ್ಕೆ ಬಿದ್ದ ಸದ್ದು ಮೆಲ್ಲಗೆ ಮೇಲೇರುತ್ತ ಹೋಯಿತು. ಜಗದಾಂಬಾ ಒಳಗೆ ಹೋಗಿ ಅಕ್ಕಿ ತೊಳೆದು ಬಂದರು. ಇನ್ನೂ ಅರ್ಧವಾಗಿರಲಿಲ್ಲ. ಹನ್ನೊಂದು ನಿಮಿಷಕ್ಕೆ ಬಕೆಟ್ ತುಂಬಿತು.

ಎತ್ತರದ ಜಾಗ, ನಿಧಾನ ಸಹಜ ಎಂದು ಹೇಳಿ ಬರಬಹುದಿತ್ತು. ಆದರೆ ಆ ಎತ್ತರಕ್ಕೆ ನಾಲ್ಕು ನಿಮಿಷ ಸಾಕು ಎಂಬುದು ಸಿದ್ದಪ್ಪನವರ ಲೆಕ್ಕ. ಕೆಳಗೆ ಎಲ್ಲೋ ಒಂದು ವಾಲ್ವು ಬಾಯಿ ತೆರೆದಿದೆ. ಅವರು ವೋಟಿನ ಮಾತೆತ್ತಲಿಲ್ಲ. ಉಳಿದ ಮನೆಗಳನ್ನು ಬಿಟ್ಟು ಇಳಿಯತೊಡಗಿದರು. ತಮ್ಮ ಜಾಗದಲ್ಲಿ ಈಗ ಕೆಲಸ ಮಾಡುವ ಉದಯಕುಮಾರನಿಗೆ ಫೋನ್ ಮಾಡಿ, ಕೀ ತರಲು ಹೇಳಿದರು.

ಉದಯಕುಮಾರ್ ಹಾವೇರಿ ಕಡೆಯ ಹುಡುಗ. ಸಿದ್ದಪ್ಪನವರ ಕೊನೆಯ ವಾರದಲ್ಲಿ ಅವರ ಹಿಂದೆ ತಿರುಗಿ ಕೆಲಸ ಕಲಿತವನು. ಯಾವ ವಾಲ್ವಿಗೆ ಎಷ್ಟು ಸುತ್ತು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದ. ಮೂವರೂ ಒಂದೊಂದೇ ಮುಚ್ಚಳ ಎತ್ತಿ ನೋಡುತ್ತ ಬಂದರು. ಕೊನೆಗೆ ಉಳಿದದ್ದು ಬಾವಿ ರಸ್ತೆಯ ವಾಲ್ವು. ಅವತ್ತು ಅದು ಪೂರ್ತಿ ಮುಚ್ಚಿರಬೇಕು. ಸಿದ್ದಪ್ಪನವರು ಮಂಡಿಯೂರಿ ಕೀಗೆ ಕಿವಿ ಕೊಟ್ಟರು. ಕಬ್ಬಿಣ ಸಣ್ಣಗೆ ಹಾಡುತ್ತಿತ್ತು.

"ಎಷ್ಟ್ ಸುತ್ತು ಮುಚ್ಚಿದೀಯ?"

"ಹದಿನೆಂಟ್ರೀ ಸರ."

"ಇದು ಇಪ್ಪತ್ತು ಸುತ್ತಿನ ವಾಲ್ವಲ್ಲೇನೋ?"

ಉದಯಕುಮಾರ್ ನೋಟ್ ಪುಸ್ತಕ ತೆರೆದು ತೋರಿಸಿದ. "ನೀವ ಹೇಳಿದ್ರಲ್ರೀ, ಇಲ್ಲಿ ಹದಿನೆಂಟಕ್ಕ ನಿಲ್ಲಸು ಅಂತ. ಎರಡು ಸುತ್ತು ಬಿಡದಿದ್ರ ಪೈಪಿಗೆ ಗಾಳಿ ಹಿಡಿತೈತಿ ಅಂತ ತಿಳಕೊಂಡಿದ್ದೆ ನಾ."

ಸಿದ್ದಪ್ಪನವರು ಪುಸ್ತಕ ತೆಗೆದುಕೊಂಡು ಆ ಸಾಲು ನೋಡಿದರು. ಗಾಳಿಯ ಮಾತು ಅವರು ಯಾವತ್ತೂ ಹೇಳಿರಲಿಲ್ಲ. ಹದಿನೆಂಟು ಎಂದು ಹೇಳಿದ್ದು ನಿಜವಿರಬೇಕು, ಪುಸ್ತಕದಲ್ಲಿ ಇತ್ತು. ಮಗಳ ಕಡೆ ನೋಡಿದಾಗ ಅದರ ಮೂಲ ನೆನಪಾಯಿತು. ಇಪ್ಪತ್ತಾರು ವರ್ಷದ ಹಿಂದೆ ವಚನಾ ಹುಟ್ಟಿದಾಗ ಮನೆಗೆ ಸಂಪು ಇರಲಿಲ್ಲ, ಅಂಗಳದಲ್ಲಿ ಒಂದು ನಲ್ಲಿ ಅಷ್ಟೇ. ಬಾಣಂತಿ ಮನೆ, ದಿನಾ ಒಂದು ರಾಶಿ ಬಟ್ಟೆ. ಸರದಿ ಇಲ್ಲದ ದಿನವೂ ಸಣ್ಣಗೆ ನೀರು ಬರಲಿ ಎಂದು ಅವರು ವಾಲ್ವನ್ನು ಎರಡು ಸುತ್ತು ಮೊದಲೇ ನಿಲ್ಲಿಸಿದ್ದರು. ಮೂರು ತಿಂಗಳ ಮಟ್ಟಿಗೆ. ಕೂಸು ಬೆಳೆಯಿತು, ಸಂಪು ಕಟ್ಟಿಸಿದರು, ರಸ್ತೆಯವರೆಲ್ಲ ಕಟ್ಟಿಸಿದರು. ಕೈ ಮಾತ್ರ ಹದಿನೆಂಟಕ್ಕೇ ನಿಲ್ಲುವುದನ್ನು ಕಲಿತುಬಿಟ್ಟಿತ್ತು. ತಗ್ಗಿನ ರಸ್ತೆ, ಅದಕ್ಕೇ ನೀರು ಚೆನ್ನಾಗಿದೆ ಎಂದು ಉಳಿದವರಂತೆ ಅವರೂ ನಂಬಿದ್ದರು.

ಈ ಹೊತ್ತಿಗೆ ಗಿರಿರಾಜ್ ಅಂಗಡಿ ಬಾಗಿಲು ತೆರೆದು ಬಂದು ನಿಂತಿದ್ದ. ವಿಷಯ ತಿಳಿದು ದನಿ ತಗ್ಗಿಸಿದ.

"ಸಾರ್, ಇನ್ನು ಹನ್ನೊಂದು ದಿನ. ಈಗ ಯಾಕೆ ಮುಟ್ತೀರ? ಗೆದ್ದು ಬಂದು ಮುಚ್ಚಿಸಿ, ಯಾರು ಬೇಡ ಅಂತಾರೆ?"

ಮಾತು ತಪ್ಪೇನೂ ಅಲ್ಲ. ಗೆದ್ದರೆ ಬರೀ ಎರಡು ಸುತ್ತಲ್ಲ, ಇಡೀ ವಾರ್ಡಿನ ಪೈಪನ್ನೇ ಸರಿಮಾಡಿಸಬಹುದು. ವಚನಾ ಕೈಯಲ್ಲಿದ್ದ ಪಾಂಪ್ಲೆಟ್ಟುಗಳ ಅಂಚು ಸರಿಮಾಡುತ್ತಿದ್ದಳು. ದಪ್ಪ ಅಕ್ಷರದ ಸಾಲು ಮೇಲೇ ಇತ್ತು.

ಸಿದ್ದಪ್ಪನವರು ತಾವೇ ಕೀ ತಿರುಗಿಸಲಿಲ್ಲ. ಅದು ಈಗ ಅವರದಲ್ಲ.

"ಇಪ್ಪತ್ತು ಮಾಡಪ್ಪ. ಪುಸ್ತಕದಲ್ಲೂ ತಿದ್ಕೋ" ಎಂದು ಉದಯಕುಮಾರನಿಗೆ ಹೇಳಿ ಎದ್ದರು.

ಮನೆಯಲ್ಲಿ ಶಿವಕ್ಕ ಕೇಳಿದ್ದು ಒಂದೇ: ರಸ್ತೆಯವರಿಗೆ ನೀವೇ ಹೇಳುತ್ತೀರೋ, ಅವರಿಗೇ ಗೊತ್ತಾಗಲೆಂದು ಬಿಡುತ್ತೀರೋ? ಬರುವ ಭಾನುವಾರ ಬಾವಿ ರಸ್ತೆಯ ಗಣಪತಿ ಗುಡಿಯ ಮುಂದೆ ಅವರ ಪ್ರಚಾರ ಸಭೆ ಇತ್ತು. ಅಲ್ಲೇ ಹೇಳಿದರು. ಅವರಿಗೆ ಭಾಷಣ ಬಾರದು; ಹುಟ್ಟಿದ ಕೂಸು, ಬಟ್ಟೆ, ಹದಿನೆಂಟು, ಇಪ್ಪತ್ತು, ಎಲ್ಲವನ್ನೂ ನಲ್ಲಿ ರಿಪೇರಿ ಮಾಡಿದವರು ವಿವರಿಸುವ ಹಾಗೆ ವಿವರಿಸಿದರು. ಮೊದಲು ಜನಕ್ಕೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು, ವೋಟು ಕೇಳೋಕೆ ಬಂದಿದಾರೋ ನಲ್ಲಿ ಕಿತ್ಕೊಂಡ್ ಹೋಗೋಕೆ ಬಂದಿದಾರೋ ಎಂದರು. ಕೆಲವರು ನಕ್ಕರು. ನಾಲ್ಕು ಪೋರ್ಷನ್ ಬಾಡಿಗೆಗೆ ಕೊಟ್ಟವರು ನಗಲಿಲ್ಲ. ಆ ವಾರವೇ ಎರಡು ಮನೆಯ ಸಂಪು ತಳ ಕಂಡಿತು. ಬಾವಿ ರಸ್ತೆಗೆ ಮೊದಲ ಟ್ಯಾಂಕರ್ ಬಂದಾಗ ಜನ ಹೊರಗೆ ನಿಂತು ನೋಡಿದರು. ಗಿರಿರಾಜ್ ಬ್ಯಾನರನ್ನು ಬಿಚ್ಚಿ, ನೀಟಾಗಿ ಸುತ್ತಿ, ಮನೆಗೆ ತಲುಪಿಸಿದ. ಬೇಜಾರು ಮಾಡಿಕೊಳ್ಳಬೇಡಿ, ಅಂಗಡಿ ನಡೆಯಬೇಕಲ್ಲ ಎಂದು ಶಿವಕ್ಕನ ಹತ್ತಿರ ಹೇಳಿ ಹೋದ.

ಸಭೆಯ ಸುದ್ದಿ ದಿಣ್ಣೆಗೂ ಮುಟ್ಟಿತ್ತು. ಅಲ್ಲಿಯವರಾದರೂ ಕೈ ಹಿಡಿಯುತ್ತಾರೆ ಎಂದು ವಚನಾಗೆ ಆಸೆಯಿತ್ತು. ಅಪ್ಪನನ್ನು ಒತ್ತಾಯ ಮಾಡಿ ಮತ್ತೆ ಜಗದಾಂಬಾ ಮನೆಗೆ ಕರೆದುಕೊಂಡು ಹೋದಳು. ಬಕೆಟ್ ಐದು ನಿಮಿಷದೊಳಗೆ ತುಂಬುತ್ತಿತ್ತು. ಅವರು ಇಬ್ಬರಿಗೂ ಕುರ್ಚಿ ಹಾಕಿ ಕಾಫಿ ಕೊಟ್ಟರು. ಕುಡಿದು ಮುಗಿಯುವವರೆಗೆ ಕಾದು ಹೇಳಿದರು:

"ಒಪ್ಪಿಕೊಂಡ್ರಲ್ಲ, ಅದು ದೊಡ್ಡದು ಸಾರ್. ಆದ್ರೆ ಇಪ್ಪತ್ತಾರು ವರ್ಷ ನಮ್ ಬಕೆಟ್ಟಿನ ನೀರಲ್ಲಿ ನಿಮ್ ಮನೆ ಬಟ್ಟೆ ಒಗ್ದಿದೀರ. ನಮ್ ಅತ್ತೆ ಕೊಡ ಹೊತ್ಕೊಂಡೇ ಸತ್ರು. ನಾನು ವೋಟು ಯಾರಿಗೆ ಹಾಕ್ತೀನೋ ಗೊತ್ತಿಲ್ಲ. ನಿಮಗೆ ಹಾಕ್ತೀನಿ ಅಂತ ಸುಳ್ಳು ಹೇಳಲ್ಲ."

ಸಿದ್ದಪ್ಪನವರು ಲೋಟವನ್ನು ತಾವೇ ತೊಳೆದಿಟ್ಟು ಬಂದರು.

ಫಲಿತಾಂಶದ ದಿನ ಅವರು ನಾಲ್ಕನೆಯವರು. ಒಟ್ಟು ಮುನ್ನೂರ ಹನ್ನೆರಡು ಮತ. ಬಾವಿ ರಸ್ತೆಯ ಮತಗಟ್ಟೆಯಲ್ಲಿ ನಲವತ್ತೊಂದು. ದಿಣ್ಣೆಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ಸೋಲು ಗೆಲುವು ಬದಲಾಗುವಷ್ಟಲ್ಲ. ಉಳಿದ ಪಾಂಪ್ಲೆಟ್ಟುಗಳನ್ನು ಶಿವಕ್ಕ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿದರು. ಹಿಂಬದಿಯಲ್ಲಿ ಮುದ್ರಣವಿಲ್ಲದ್ದರಿಂದ ಕೆಲವು ಮಕ್ಕಳು ಬರೆಯಲೆಂದು ವಚನಾಳ ಶಾಲೆಗೂ ಹೋದವು.

ಎರಡು ವಾರ ಸಿದ್ದಪ್ಪನವರು ಹೆಚ್ಚು ಹೊರಗೆ ಕಾಣಲಿಲ್ಲ. ಆಮೇಲೊಂದು ಬೆಳಿಗ್ಗೆ ಒಂದು ಸಣ್ಣ ಡಬ್ಬಿ ನೀಲಿ ಬಣ್ಣ, ಒಂದು ಬ್ರಷ್ಷು ತಂದು, ತಮ್ಮ ಮನೆಯ ಕಾಂಪೌಂಡ್ ಗೋಡೆಯ ಹೊರಮೈಗೆ ಏಣಿ ಒರಗಿಸಿದರು. ಸಮಯ ಸರಿಯಿದೆಯೇ ಎಂದು ಉದಯಕುಮಾರನನ್ನು ಮೊದಲೇ ಕೇಳಿಕೊಂಡಿದ್ದರು. ಬಾವಿ ರಸ್ತೆ: ಸೋಮ, ಬುಧ, ಶುಕ್ರ, ಬೆಳಿಗ್ಗೆ ಐದರಿಂದ ಎಂಟು. ದಿಣ್ಣೆಯ ಕ್ರಾಸುಗಳು: ಮಂಗಳ, ಗುರು, ಶನಿ, ಐದರಿಂದ ಎಂಟು. ಅಕ್ಷರಗಳು ಬಲಕ್ಕೆ ಹೋಗುತ್ತ ಸ್ವಲ್ಪ ಮೇಲೇರಿದ್ದವು. ದಾರಿಯಲ್ಲಿ ಹೋಗುತ್ತಿದ್ದವರು, ಎಲೆಕ್ಷನ್ ಮುಗಿದದ್ದು ಇವರಿಗೆ ಯಾರೂ ಹೇಳಲಿಲ್ಲವೇ ಎಂದು ಮಾತಾಡಿಕೊಂಡರು.

ಶುಕ್ರವಾರ ನೀರು ತಡವಾಗಿ ಬಂತು. ಒಂಬತ್ತು ಗಂಟೆಗೆ ಶಿವಕ್ಕ ಕಸ ಹಾಕಲು ಹೊರಗೆ ಹೋದವರು ಗಂಡನನ್ನು ಕೂಗಿ ಕರೆದರು. ನೀಲಿ ಅಕ್ಷರಗಳ ಕೆಳಗೆ ಸೀಮೆಸುಣ್ಣದಲ್ಲಿ ಯಾರೋ ಬರೆದಿದ್ದರು: ಇವತ್ತು ಐದೂ ಇಪ್ಪತ್ತಕ್ಕೆ ಬಿಟ್ಟಿದ್ದು. ಆಮೇಲೆ, ಇನ್ನೊಂದು ಕೈಬರಹದಲ್ಲಿ: ಎಂಟಕ್ಕೇ ನಿಲ್ಲಿಸಿದ್ದಾರೆ, ಇಪ್ಪತ್ತು ನಿಮಿಷ ಬಾಕಿ.

ಸಿದ್ದಪ್ಪನವರು ಎರಡು ಸಲ ಓದಿದರು. ಅಳಿಸಲಿಲ್ಲ. ಅಂಗಿ ಹಾಕಿಕೊಂಡು, ಸ್ಕೂಟರ್ ಹೊರಗೆ ತೆಗೆದು, ಉದಯಕುಮಾರ್ ಈ ಹೊತ್ತಿಗೆ ಯಾವ ಮುಚ್ಚಳದ ಹತ್ತಿರ ಇರುತ್ತಾನೆ ಎಂದು ಲೆಕ್ಕ ಹಾಕಿ, ಆ ಕಡೆ ಹೊರಟರು.